ಆಟಕ್ಕುಂಟು, ಲೆಕ್ಕಕ್ಕಿಲ್ಲ

ಓಣಿಯಲ್ಲಿ ಹುಡುಗರು ಆಡುವಾಗ ತೀರ ಸಣ್ಣ ಕೂಸೊಂದು ನಾನೂ ಬರುತ್ತೇನೆಂದು ಹಟ ಹಿಡಿದರೆ ಅದನ್ನೂ ಸೇರಿಸಿಕೊಳ್ಳುತ್ತಾರೆ. ಕೂಸು ಎಲ್ಲರ ಹಾಗೆಯೇ ಓಡುತ್ತದೆ, ಬೀಳುತ್ತದೆ, ಮೊಣಕಾಲು ಕೆತ್ತಿಸಿಕೊಳ್ಳುತ್ತದೆ. ಆದರೆ ಅದು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಅದಕ್ಕೆ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ. ಹೊಲದಲ್ಲಿ ಇದ್ದೇವೆ, ಅಡುಗೆಮನೆಯಲ್ಲಿ ಇದ್ದೇವೆ, ದನದ ಕೊಟ್ಟಿಗೆಯಲ್ಲಿ, ನೀರಿನ ಸಾಲಿನಲ್ಲಿ, ಸಂಘದ ಸಾಲದ ಪುಸ್ತಕದಲ್ಲಿ ಎಲ್ಲ ಕಡೆ ಇದ್ದೇವೆ. ಲೆಕ್ಕ ಹಾಕುವ ಹೊತ್ತು ಬಂದಾಗ ಮಾತ್ರ ಇರುವುದಿಲ್ಲ.

ಈ ಲೇಖನದಲ್ಲಿ ನನ್ನ ಜಗಳ ಲೆಕ್ಕ ಹಾಕುವವರ ಜೊತೆ. ರಾಜಕಾರಣಿಗಳನ್ನು ಬೈಯುವವರು ಬೇಕಾದಷ್ಟು ಜನರಿದ್ದಾರೆ. ನಾನು ಹೇಳುತ್ತಿರುವುದು ಯಾವ ಪಕ್ಷಕ್ಕೂ ಸೇರದ, 'ನಾವು ಪಕ್ಷಾತೀತರು' ಎಂದು ಹೇಳಿಕೊಳ್ಳುವ ವಿದ್ವಾಂಸರ ವಿಷಯ; ವಿಶ್ವವಿದ್ಯಾಲಯಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ ಕುಳಿತು ಸರ್ಕಾರ ಯಾವ ದಾರಿ ಹಿಡಿಯಬೇಕೆಂದು ವರದಿ ಬರೆಯುವವರ ವಿಷಯ. ಇವರ ಸಂಗತಿ ನಮಗೇಕೆ, ನಮ್ಮ ಒಲೆ ನಮಗೆ, ಎಂದು ಪುಟ ಮಗುಚಬೇಡಿ. ನಿಮ್ಮೂರಿಗೆ ಹೆಣ್ಣುಮಕ್ಕಳ ಹಾಸ್ಟೆಲ್ ಬರುತ್ತದೋ ಇಲ್ಲವೋ, ನಿಮ್ಮ ತವರಿನ ಆಸ್ಪತ್ರೆಗೆ ಡಾಕ್ಟರು ಬರುತ್ತಾರೋ ಇಲ್ಲವೋ ಎಂಬುದು ಎಷ್ಟೋ ಸಲ ಇವರು ಬರೆದಿಟ್ಟ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ನಮ್ಮ ರಾಜ್ಯದಲ್ಲಿ ಇಂಥ ಸಂಸ್ಥೆಗಳಿಗೆ ಒಳ್ಳೆಯ ಪರಂಪರೆಯೇ ಇದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. ಧಾರವಾಡದಲ್ಲಿ ಬಹುಶಾಸ್ತ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ ಇದೆ. ನಮ್ಮ ಗಂಗಾವತಿಯಿಂದ ಹೊಳೆ ದಾಟಿದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ; 1991ರಲ್ಲಿ ಹುಟ್ಟಿದ ಅಲ್ಲಿ ಅಭಿವೃದ್ಧಿ ಅಧ್ಯಯನ ವಿಭಾಗವೂ ಇದೆ, ಮಹಿಳಾ ಅಧ್ಯಯನ ವಿಭಾಗವೂ ಇದೆ. ಅಲ್ಲಿದ್ದ ಟಿ.ಆರ್. ಚಂದ್ರಶೇಖರ ಅವರಂಥವರು ಬಜೆಟ್ಟು, ಬಡತನ, ಪ್ರಾದೇಶಿಕ ಅಸಮಾನತೆ ಇವನ್ನೆಲ್ಲ ಕನ್ನಡದಲ್ಲಿಯೇ ಬರೆದು ತೋರಿಸಿದ್ದಾರೆ. ಅರ್ಥಶಾಸ್ತ್ರ ಇಂಗ್ಲಿಷಿಗೆ ಮಾತ್ರ ಒಗ್ಗುತ್ತದೆ ಎಂಬ ನೆಪ ಅಲ್ಲಿಗೇ ಮುಗಿಯಬೇಕಿತ್ತು.

ವರದಿಯ ಶಕ್ತಿ ಎಂಥದು ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2000ದಲ್ಲಿ ಸರ್ಕಾರ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಸಮಿತಿ ಮಾಡಿತು. ಅವರು ಅರ್ಥಶಾಸ್ತ್ರದ ಮೇಷ್ಟರು, ಕುಲಪತಿಯಾಗಿದ್ದವರು. ಸಮಿತಿ ಕೃಷಿ, ಕೈಗಾರಿಕೆ, ಶಾಲೆ, ಆಸ್ಪತ್ರೆ, ರಸ್ತೆ ಎಂದು 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು 2002ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಆಗಿನ ಗುಲಬರ್ಗಾ ವಿಭಾಗದವು. ಕುಷ್ಟಗಿ, ಯಲಬುರ್ಗಾ ಎರಡೂ ಆ ಪಟ್ಟಿಯಲ್ಲಿದ್ದವು. ಅಲ್ಲಿಯವರೆಗೆ 'ನಮ್ಮ ಕಡೆ ಏನೂ ಆಗಿಲ್ರಿ' ಎಂದು ನಾವು ಅಂದರೆ ಬೆಂಗಳೂರಿನವರು ನಕ್ಕು ಬಿಡುತ್ತಿದ್ದರು. ಪಟ್ಟಿ ಬಂದ ಮೇಲೆ ನಗುವುದು ಕಷ್ಟವಾಯಿತು. ಗೊಣಗಾಟಕ್ಕೆ ಪುರಾವೆ ಸಿಕ್ಕಿತು. ಕಲಬುರಗಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಕೇಳುವಾಗ, 371(ಜೆ) ವಿಧಿಗಾಗಿ ಹೋರಾಡುವಾಗ ಜನ ಆ ವರದಿಯನ್ನೇ ಕೈಯಲ್ಲಿ ಹಿಡಿದಿದ್ದರು. ಇಂದಿಗೂ ಕಲ್ಯಾಣ ಕರ್ನಾಟಕಕ್ಕೆ ಹಣ ಹಂಚುವ ಮಾತು ಬಂದರೆ ನಂಜುಂಡಪ್ಪನವರ ಸೂಚ್ಯಂಕದ ಹೆಸರು ಬಾರದೆ ಇರುವುದಿಲ್ಲ. 2024ರಲ್ಲಿ ಮತ್ತೆ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ರಚಿಸಿದರು.

ಆದ್ದರಿಂದ ಅಧ್ಯಯನವೇ ಬೇಡ ಎನ್ನುವವಳು ನಾನಲ್ಲ. ಬೇಕು, ಇನ್ನೂ ಹೆಚ್ಚು ಬೇಕು. ನನ್ನ ತಕರಾರು ಇರುವುದು ಅವರು ಯಾರ ಮನೆ ಬಾಗಿಲಲ್ಲಿ ನಿಂತು, ಯಾರನ್ನು ಕೇಳಿ, ಏನನ್ನು ಬರೆದುಕೊಂಡು ಹೋಗುತ್ತಾರೆ ಎಂಬುದರ ಬಗ್ಗೆ.

ಗಂಗಾವತಿ ತಾಲ್ಲೂಕಿನ ಮರಳಿಯನ್ನೇ ತೆಗೆದುಕೊಳ್ಳಿ. ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ಗಂಗಾವತಿ ಇರಲಿಲ್ಲ. ಇರಲು ಕಾರಣವೂ ಇಲ್ಲ. 1950ರ ದಶಕದಿಂದ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಸೀಮೆ. ಭತ್ತದ ಕಣಜ ಎಂದು ಹೆಸರು ಪಡೆದದ್ದು. ಲಾರಿಗಟ್ಟಲೆ ಅಕ್ಕಿ ಹೊರಗೆ ಹೋಗುತ್ತದೆ, ರೈಸ್‌ಮಿಲ್ಲಿನ ಚಿಮಣಿ ಹೊಗೆಯಾಡುತ್ತದೆ, ಕ್ಯಾಂಪುಗಳಲ್ಲಿ ಮಾಳಿಗೆ ಮನೆಗಳು ಎದ್ದಿವೆ. ತಾಲ್ಲೂಕಿನ ಸರಾಸರಿ ತೆಗೆದರೆ ಅಂಕಿ ಮೇಲೇರಲೇಬೇಕು. ಆದರೆ ಸರಾಸರಿ ಎನ್ನುವುದು ಬಹಳ ಒಳ್ಳೆಯ ಮುಸುಕು. ನೂರು ಎಕರೆಯ ಧಣಿಯನ್ನೂ ಅವನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುವವಳನ್ನೂ ಒಂದೇ ಮುಸುಕಿನಡಿ ಕೂಡಿಸಿ 'ಇಲ್ಲಿ ಪರವಾಗಿಲ್ಲ' ಎಂದು ಬರೆದುಬಿಡುತ್ತದೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಗಂಡಸರಲ್ಲಿ ಅಕ್ಷರ ಬಲ್ಲವರು ಶೇಕಡಾ 78.54, ಹೆಂಗಸರಲ್ಲಿ ಶೇಕಡಾ 57.55. ನಡುವೆ 21 ಅಂಶದ ಕಂದರ. ಇಬ್ಬರನ್ನೂ ಸೇರಿಸಿ ಶೇಕಡಾ 68 ಎಂದರೆ ಕಂದರ ಮುಚ್ಚಿಹೋಯಿತೇ? ಕಾಗದದ ಮೇಲೆ ಮುಚ್ಚಿತು, ಅಷ್ಟೆ.

ಮರಳಿಯ ನಮ್ಮ ಸಂಬಂಧಿಕರ ಮನೆಯಲ್ಲಿ ಒಮ್ಮೆ ನಾನಿದ್ದಾಗ ಸರ್ವೆಯವರು ಬಂದರು. ಯಾವ ಸಂಸ್ಥೆ ಎಂಬುದು ಇಲ್ಲಿ ಮುಖ್ಯವಲ್ಲ. ಬಂದ ಹುಡುಗ ಸಭ್ಯ, ಕೈಯಲ್ಲಿ ಅಚ್ಚುಹಾಕಿದ ಹಾಳೆಗಳು. ಪಡಸಾಲೆಯಲ್ಲಿ ಕುಳಿತಿದ್ದ ಯಜಮಾನನನ್ನು ಕೇಳಿದ: "ನಿಮ್ಮ ಮನೆಯವರು ಏನು ಕೆಲಸ ಮಾಡ್ತಾರೆ?"

"ಆಕಿ ಏನ್ ಮಾಡ್ತಾಳ್ರಿ, ಮನ್ಯಾಗ ಇರ್ತಾಳ."

ಹುಡುಗ ಬರೆದುಕೊಂಡ. ಅಷ್ಟು ಹೊತ್ತಿಗೆ ಆಕೆ ಬೆಳಗಿನ ನಾಲ್ಕೂವರೆಗೆ ಎದ್ದು, ನೀರು ತುಂಬಿ, ಎಮ್ಮೆ ಹಿಂಡಿ, ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು, ಗುಂಪಿನ ಜೊತೆ ಬೇರೆಯವರ ಗದ್ದೆಗೆ ಸಸಿ ಹಚ್ಚಲು ಹೋಗಿ ಬಂದು, ಕಾಲಿನ ಕೆಸರೂ ಪೂರ್ತಿ ತೊಳೆದುಕೊಳ್ಳದೆ ಒಲೆಯ ಮುಂದೆ ಕುಳಿತಿದ್ದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನೋಡಕ್ಕಾ, ನಾ ಕುಂತು ಉಣ್ತೀನಂತ ಬರಕೊಂಡು ಹೋದ್ರು" ಎಂದು ನಕ್ಕಳು. ಆ ನಗುವಿನಲ್ಲಿ ಸಿಟ್ಟೂ ಇರಲಿಲ್ಲ. ಅದೇ ನನಗೆ ಹೆಚ್ಚು ಕಾಡಿದ್ದು. ಗಂಡನೂ ಕೆಟ್ಟವನೇನಲ್ಲ. ಕೇಳಿದವನು ಹಾಗೆ ಕೇಳಿದ, ಹೇಳಿದವನು ಹಾಗೆ ಹೇಳಿದ, ಹಾಳೆಯಲ್ಲಿ ಹಾಗೆ ತುಂಬಿತು. ಆ ಹಾಳೆ ಕಂಪ್ಯೂಟರಿಗೆ ಹೋಗಿ, ಕೋಷ್ಟಕವಾಗಿ, ವರದಿಯಾಗಿ, ನಾಳೆ ಯಾರೋ ಮಂತ್ರಿಯ ಬಾಯಲ್ಲಿ 'ಈ ಭಾಗದ ಹೆಂಗಸರು ದುಡಿಮೆಗೆ ಹೊರಬರುತ್ತಿಲ್ಲ' ಎಂಬ ಮಾತಾಗುತ್ತದೆ. ಆಗ ಅದನ್ನು ಅಲ್ಲಗಳೆಯಲು ನಮ್ಮ ಹತ್ತಿರ ಏನಿದೆ? ಕೆಸರಿನ ಕಾಲು ಮಾತ್ರ.

ಈ ಕುರುಡು ಹೊಸದಲ್ಲ, ಕಂಡುಹಿಡಿಯದೆ ಉಳಿದದ್ದೂ ಅಲ್ಲ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು 1970ರ ದಶಕದಲ್ಲಿಯೇ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಸಮಯದ ಲೆಕ್ಕ ಹಿಡಿಸಿದರು. 'ನೀನೇನು ಕೆಲಸ ಮಾಡುತ್ತೀ' ಎಂದು ಕೇಳಿ ಹೋಗುವ ಬದಲು ಮನೆಗಳಲ್ಲಿ ದಿನವಿಡೀ ಕುಳಿತು ಯಾರು ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆಂದು ನೋಡಿ ಬರೆಸಿದರು. ಸರ್ಕಾರಿ ಲೆಕ್ಕದಲ್ಲಿ ಕೆಲಸವಿಲ್ಲದವರೆಂದು ಸೇರಿದ್ದ ಎಷ್ಟೋ ಹೆಂಗಸರು ಸೌದೆ, ಮೇವು, ದನಕರು, ಹೊಲ ಎಂದು ದುಡಿಯುತ್ತಿದ್ದುದು ಗೊತ್ತಾಯಿತು. ಆದರೂ 2011ರ ಜನಗಣತಿಯ ನಮೂನೆ ನೋಡಿ. ಮನೆಗೆಲಸ ಮಾಡುವವಳು 'ಕೆಲಸಗಾರರಲ್ಲದವರು' ಎಂಬ ಪಂಗಡಕ್ಕೆ ಸೇರುತ್ತಾಳೆ. ಅದೇ ಪಂಗಡದಲ್ಲಿ ವಿದ್ಯಾರ್ಥಿ ಇದ್ದಾನೆ, ಪಿಂಚಣಿದಾರ ಇದ್ದಾನೆ, ಬಾಡಿಗೆ ತಿನ್ನುವವನಿದ್ದಾನೆ, ಭಿಕ್ಷುಕನೂ ಇದ್ದಾನೆ. ಮುಂಜಾನೆಯಿಂದ ರಾತ್ರಿಯವರೆಗೆ ಮನೆ ನಡೆಸುವ ನಿಮ್ಮನ್ನು ಯಾರ ಪಂಕ್ತಿಯಲ್ಲಿ ಕೂಡಿಸಿದ್ದಾರೆಂದು ಒಮ್ಮೆ ಯೋಚಿಸಿ.

ದೇಶದ ಮಟ್ಟದಲ್ಲಿ ಸಮಯದ ಸಮೀಕ್ಷೆ ಮೊದಲ ಸಲ ನಡೆದದ್ದು 2019ರಲ್ಲಿ, ಎರಡನೆಯದು 2024ರಲ್ಲಿ. ಎರಡನೆಯದರ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ; ಅದರಲ್ಲಿ ಕೈಹಾಕುವ ಗಂಡಸರು 88 ನಿಮಿಷ. ಐದು ವರ್ಷಗಳ ಹಿಂದೆ ಇದೇ ಲೆಕ್ಕ 299 ಮತ್ತು 97 ಇತ್ತು. ನಮ್ಮ ಹೊರೆ ಹತ್ತು ನಿಮಿಷ ಇಳಿದರೆ ಅವರದು ಒಂಬತ್ತು ನಿಮಿಷ ಇಳಿದಿದೆ! ಇಂಥ ಅಂಕಿ ಬಂದಾಗ ಒಂದು ದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಮರುದಿನ ನೀರಾವರಿಯ ಯೋಜನೆ, ಬಸ್ಸಿನ ವೇಳೆ, ಅಂಗನವಾಡಿಯ ಗಂಟೆ ಎಲ್ಲವೂ ಆ ಅಂಕಿ ಇಲ್ಲವೇ ಇಲ್ಲ ಎಂಬಂತೆ ಮುಂದುವರಿಯುತ್ತವೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿರಬಹುದು. ಒಂದು ವಾರ ನಮ್ಮ ಸೀಮೆ ಉಸಿರು ಬಿಗಿಹಿಡಿದಿತ್ತು. ಎಷ್ಟು ಟಿಎಂಸಿ ಹರಿದುಹೋಯಿತು, ಎಷ್ಟು ಎಕರೆಗೆ ಕುತ್ತು, ಯಾವ ಸರ್ಕಾರದ ತಪ್ಪು ಎಂದು ದಿನವೂ ಓದಿದೆವು. ತಾತ್ಕಾಲಿಕ ಗೇಟು ಕೂರಿಸಿದರು, ಮಳೆರಾಯ ದಯೆ ತೋರಿದ. ಆದರೆ ಕಾಲುವೆಗೆ ನೀರು ಬಾರದಿದ್ದರೆ ಸಸಿ ಹಚ್ಚುವ, ಕಳೆ ತೆಗೆಯುವ ಎಷ್ಟು ದಿನಗಳ ಕೂಲಿ ಹೋಗುತ್ತದೆ, ಆ ಕೂಲಿಯಲ್ಲಿ ಕಟ್ಟಬೇಕಾದ ಸಂಘದ ಕಂತನ್ನು ಯಾರು ಕಟ್ಟುತ್ತಾರೆ, ಎಷ್ಟು ಹುಡುಗಿಯರು ಶಾಲೆ ಬಿಟ್ಟು ತಾಯಂದಿರ ಜೊತೆ ಗುಳೆ ಹೋಗಬೇಕಾಗುತ್ತದೆ ಎಂಬ ಲೆಕ್ಕವನ್ನು ನಾನಂತೂ ಎಲ್ಲಿಯೂ ಓದಲಿಲ್ಲ. ನೀರಿಗೆ ಟಿಎಂಸಿ ಇದೆ, ಜಮೀನಿಗೆ ಎಕರೆ ಇದೆ, ಭತ್ತಕ್ಕೆ ಚೀಲ ಇದೆ. ಹೆಣ್ಣಾಳಿನ ದಿನಕ್ಕೆ ಅಳತೆ ಇಲ್ಲ.

ಲೆಕ್ಕಕ್ಕೆ ಬಾರದಿದ್ದರೆ ಆಗುವುದೇನು ಎಂಬುದನ್ನು ನಮ್ಮ ಜಿಲ್ಲೆಯ ದೇವದಾಸಿ ತಾಯಂದಿರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಪದ್ಧತಿಯನ್ನು ನಿಷೇಧಿಸಿದ ಕಾಯಿದೆ 1982ರದು. ಸರ್ಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ಸಮೀಕ್ಷೆ ಮಾಡಿ 46,660 ಮಂದಿಯನ್ನು ಪಟ್ಟಿ ಮಾಡಿತು. ಪಟ್ಟಿಯಲ್ಲಿ ಹೆಸರಿದ್ದವಳಿಗೆ ಮಾಸಾಶನ, ಮನೆ ಕೇಳುವ ಹಕ್ಕು. ಸಮೀಕ್ಷೆಯ ದಿನ ಊರಲ್ಲಿ ಇರದವಳು, ಹೇಳಿಕೊಳ್ಳಲು ನಾಚಿದವಳು ಹೊರಗೆ ಉಳಿದಳು. 'ಬಿಟ್ಟುಹೋದವರನ್ನು ಸೇರಿಸಿಕೊಳ್ಳಿ' ಎಂದು ವರ್ಷಗಟ್ಟಲೆ ಡಿ.ಸಿ. ಆಫೀಸಿನ ಮುಂದೆ ಕೂತರು. ಇದೇ ಕತೆಯಲ್ಲಿ ವಿಶ್ವವಿದ್ಯಾಲಯವೊಂದು ಮಾಡಬಹುದಾದ ಒಳ್ಳೆಯ ಕೆಲಸವೂ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಅಧ್ಯಯನ ಕೇಂದ್ರವೊಂದು ಈ ತಾಯಂದಿರ ಸ್ಥಿತಿಯನ್ನು ಅಧ್ಯಯನ ಮಾಡಿ 2018ರಲ್ಲಿ ಹೊಸ ಕಾಯಿದೆಯ ಕರಡನ್ನೇ ಬರೆದುಕೊಟ್ಟಿತು. ಅಂಥ ಹೊಸ ಕಾಯಿದೆ ವಿಧಾನಮಂಡಲದಲ್ಲಿ ಪಾಸಾದದ್ದು 2025ರಲ್ಲಿ. ಮಕ್ಕಳ ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಕಾಟವನ್ನು ಅದು ತೆಗೆಯಿತು. ಕರಡು ಬರೆದವರು ಯಾವ ಪಕ್ಷದವರೂ ಅಲ್ಲ. ಆದರೆ ಯಾರ ನೋವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆಂಬುದು ಅವರಿಗೆ ಗೊತ್ತಿತ್ತು.

'ಪಕ್ಷಾತೀತ' ಎಂಬ ಮಾತನ್ನು ಇಲ್ಲಿ ಸ್ವಲ್ಪ ಒರೆಗೆ ಹಚ್ಚಬೇಕು. ಯಾವ ಪಕ್ಷಕ್ಕೂ ಸೇರದಿರುವುದು ಒಂದು ಗುಣ. ಪಕ್ಷಪಾತ ಇಲ್ಲದಿರುವುದು ಬೇರೆಯೇ ಗುಣ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬಂದುಬಿಡುವುದಿಲ್ಲ. ಮನೆಯ ಯಜಮಾನನನ್ನು ಮಾತ್ರ ಕೇಳಿ ಬರೆದುಕೊಂಡ ವರದಿ ಯಾವ ಪಕ್ಷದ ಬಾವುಟವನ್ನೂ ಹಿಡಿಯದೆ ಇರಬಹುದು. ಅದು ಆಗಲೇ ಪಡಸಾಲೆಯ ಪಕ್ಷ ಹಿಡಿದಾಗಿದೆ. ಯಾವ ಇಲಾಖೆಯ ಯೋಜನೆಯನ್ನು ಪರೀಕ್ಷಿಸಬೇಕೋ ಅದೇ ಇಲಾಖೆಯಿಂದ ಹಣ ಪಡೆದು, ಮುಂದಿನ ಗುತ್ತಿಗೆಯೂ ಸಿಗಲಿ ಎಂದು ನಾಲಗೆ ಸವರಿಕೊಂಡು ಬರೆದ ವರದಿಗೂ ಪಕ್ಷವಿದೆ. ಇನ್ನು ಕೆಲವರು, 'ನಮ್ಮ ಕೆಲಸ ಅಂಕಿ ಕೊಡುವುದು, ಮುಂದಿನದು ಸರ್ಕಾರಕ್ಕೆ ಬಿಟ್ಟದ್ದು' ಎಂದು ಕೈ ತೊಳೆದುಕೊಳ್ಳುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂದು ಎಷ್ಟು ಸಲ ಬರೆದಾಗಿದೆ! ಬರೆದವರಿಗೆ ಪದವಿ ಬಂತು. ಕೊಡ ಹೊತ್ತವಳ ಹಲ್ಲು ಕಂದಿತು, ಮೊಣಕಾಲು ಬಾಗಿತು. ಸತ್ಯ ಗೊತ್ತಿದ್ದೂ ದನಿ ತಗ್ಗಿಸಿ ಹೇಳುವುದನ್ನು ನಿಷ್ಪಕ್ಷಪಾತ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇಂಥ ಪ್ರಾಮಾಣಿಕ ಲೆಕ್ಕ ನಮಗೆ ಈಗ ಎಷ್ಟು ಬೇಕಾಗಿದೆ ಎಂಬುದಕ್ಕೆ ಸುತ್ತಲಿನ ವಾಗ್ವಾದ ನೋಡಿದರೆ ಸಾಕು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಯಿತು, ಆಗಸ್ಟಿನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಶುರುವಾಯಿತು. ಒಬ್ಬರು ಹೆಣ್ಣುಮಕ್ಕಳ ಬಾಳು ಬೆಳಗಿತು ಎನ್ನುತ್ತಾರೆ, ಇನ್ನೊಬ್ಬರು ಹೆಂಗಸರು ಸೋಮಾರಿಗಳಾದರು, ದೇವಸ್ಥಾನ ಸುತ್ತುತ್ತಾರೆ ಎನ್ನುತ್ತಾರೆ. ಎರಡೂ ಕಡೆಯವರು ನಮ್ಮ ಬಗ್ಗೆಯೇ ಮಾತಾಡುತ್ತಿದ್ದಾರೆ, ನಮ್ಮನ್ನು ಕೇಳಿದವರು ಕಡಿಮೆ. ಆ ಎರಡು ಸಾವಿರ ಯಾರ ಕೈಯಲ್ಲಿ ಉಳಿಯಿತು? ಔಷಧಿಗೋ, ಮಗಳ ಫೀಸಿಗೋ, ಹಳೆಯ ಬಡ್ಡಿಗೋ? ಬಸ್ಸಿನಿಂದಾಗಿ ದೂರದ ಕಾಲೇಜಿಗೆ ಸೇರಿದ ಹುಡುಗಿಯರೆಷ್ಟು? ಗೆದ್ದ ಪಕ್ಷಕ್ಕೂ ಸೋತ ಪಕ್ಷಕ್ಕೂ ಹೆದರದೆ, ಊರೂರಿಗೆ ಹೋಗಿ, ಅಡುಗೆಮನೆಯವರೆಗೆ ಬಂದು ಕೇಳಿ ಬರೆಯುವವರು ಬೇಕು. ಆ ಕೆಲಸ ವಿಶ್ವವಿದ್ಯಾಲಯಕ್ಕೆ ಸಲ್ಲುವಂಥದು. ಆದರೆ ಹೊಳೆಯಾಚೆಯ ನಮ್ಮ ಕನ್ನಡ ವಿಶ್ವವಿದ್ಯಾಲಯವೇ ಇತ್ತೀಚಿನ ವರ್ಷಗಳಲ್ಲಿ ಅನುದಾನವಿಲ್ಲದೆ, ಕರೆಂಟು ಬಿಲ್ಲಿಗೂ ಪರದಾಡಿದ ಸುದ್ದಿ ಓದಿದ್ದೇವೆ. ಕನ್ನಡದ ಹೆಸರಿನಲ್ಲಿ ಜೈಕಾರ ಹಾಕುವ ಸರ್ಕಾರಗಳು ಕನ್ನಡದಲ್ಲಿ ಲೆಕ್ಕ ಕೇಳುವ ಮನೆಯ ದೀಪಕ್ಕೆ ಎಣ್ಣೆ ಹಾಕುವುದಿಲ್ಲ. ಯಾಕೆಂದು ಊಹಿಸುವುದು ಕಷ್ಟವೇನಲ್ಲ.

ಮರಳಿ ಎಂದರೆ ನಮ್ಮ ಮಾತಿನಲ್ಲಿ ತಿರುಗಿ ಎಂದು ಅರ್ಥ. ಆ ಊರಿಗೆ ಬರೆದುಕೊಳ್ಳಲು ಬಂದವರು ಮರಳಿ ಬಂದು, 'ನೋಡಿ ತಾಯಿ, ನೀವು ಹೇಳಿದ್ದು ಇದು, ನಾವು ಬರೆದದ್ದು ಇದು, ಸರಿ ಇದೆಯೇ' ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ನನ್ನ ಬೇಡಿಕೆ ದೊಡ್ಡದೇನಲ್ಲ. ಮನೆಯ ಹೆಂಗಸಿನ ಕೆಲಸದ ಬಗ್ಗೆ ಮನೆಯ ಹೆಂಗಸನ್ನೇ ಕೇಳಲಿ, ಅದೂ ಆಕೆಗೆ ಬಿಡುವಾದ ಹೊತ್ತಿನಲ್ಲಿ, ಗಂಡ ಅತ್ತೆ ಎದುರಿಗಿಲ್ಲದಾಗ. ತಾಲ್ಲೂಕಿನ ಸರಾಸರಿಯ ಪಕ್ಕದಲ್ಲಿ ಹೆಣ್ಣಿನದು ಬೇರೆ, ಗಂಡಿನದು ಬೇರೆ, ಭೂಮಿ ಇದ್ದವರದು ಬೇರೆ, ಇಲ್ಲದವರದು ಬೇರೆ ಎಂದು ಅಂಕಿ ಕೊಡಲಿ. ಹಣ ಕೊಟ್ಟವರು ಯಾರೆಂದು ಮೊದಲ ಪುಟದಲ್ಲಿ ಬರೆಯಲಿ. ಆಮೇಲೆ ಆ ವರದಿಯನ್ನು, ನಾಲ್ಕು ಪುಟದ ಸರಳ ಕನ್ನಡದಲ್ಲಿ, ಅದೇ ಊರಿನ ಗ್ರಾಮಸಭೆಯಲ್ಲಿ ಓದಲಿ. ಪಂಚಾಯತಿಯಲ್ಲಿ ಈಗ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳದು. ಸಭೆಯಲ್ಲಿ ಎದ್ದು ನಿಲ್ಲುವವಳಿಗೆ ಕೈಯಲ್ಲೊಂದು ಅಂಕಿ ಇದ್ದರೆ ದನಿಗೆ ಬಲ ಬರುತ್ತದೆ. ಗಂಡನ ಕಡೆ ನೋಡದೆ ಪಿಡಿಒ ಕಡೆ ನೋಡಿ ಮಾತಾಡುತ್ತಾಳೆ.

ಪೇಟೆಯಲ್ಲಿರುವ ನಮಗೂ ಇದರಲ್ಲಿ ಪಾಲಿದೆ. ನಿಮ್ಮ ಮಗಳೋ ಸೊಸೆಯೋ ಎಂ.ಎ., ಎಂ.ಎಸ್.ಡಬ್ಲ್ಯೂ. ಓದುತ್ತ ಹಾಳೆ ಹಿಡಿದು ಹಳ್ಳಿಗೆ ಹೋಗುತ್ತಿರಬಹುದು. ಪಡಸಾಲೆಯಲ್ಲೇ ನಿಲ್ಲಬೇಡ, ಒಳಗೆ ಹೋಗು ಎಂದು ಆಕೆಗೆ ಹೇಳಿ. ನಿಮ್ಮದೇ ಮನೆಯ ಬಾಗಿಲಿಗೆ ಸರ್ವೆಯವರು ಬಂದಾಗ, 'ತಡೀರಿ, ನಮ್ಮ ಮನೆಯವರನ್ನ ಕರೀತೀನಿ' ಎಂದು ಒಳಗೆ ಓಡಬೇಡಿ. ಕುರ್ಚಿ ಹಾಕಿ ಕೂರಿಸಿ, ನೀವೂ ಕುರ್ಚಿಯಲ್ಲಿ ಕೂತುಕೊಳ್ಳಿ. ಯಾವ ಸಂಸ್ಥೆ, ಯಾರ ಹಣ, ವರದಿ ಎಲ್ಲಿ ಸಿಗುತ್ತದೆ ಎಂದು ಕೇಳಿ. 'ನೀವೇನು ಕೆಲಸ ಮಾಡ್ತೀರಿ' ಎಂದಾಗ 'ಏನೂ ಇಲ್ಲ, ಮನೇಲೇ ಇರ್ತೀನಿ' ಎಂಬ ಆ ಹಾಳು ಮಾತನ್ನು ನಮ್ಮ ಬಾಯಿಂದ ನಾವೇ ಆಡುವುದನ್ನು ಮೊದಲು ಬಿಡೋಣ. ಎದ್ದ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ಒಂದೊಂದಾಗಿ ಹೇಳಿ. ಅವರ ಹಾಳೆಯಲ್ಲಿ ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ತರಲಿ.